ಕೆರೆಯ ದಡದಲ್ಲಿ ಕಲಿಯದ ಪಾಠ

ಪರಿಸರದ ವಿಷಯವನ್ನು ಶಾಲೆಗಳಲ್ಲಿ ಕಡ್ಡಾಯವಾಗಿ ಬೋಧಿಸಬೇಕೆಂದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಆಜ್ಞೆ ಮಾಡಿತು. 2003ರಲ್ಲಿ ಅದನ್ನೇ ಮತ್ತೊಮ್ಮೆ ಹೇಳಬೇಕಾಯಿತು. ಆ ಮೇಲೆ ಪಠ್ಯಕ್ರಮಗಳು ಸಿದ್ಧವಾದುವು, ಪುಸ್ತಕಗಳು ಅಚ್ಚಾದುವು. ಈಗ ನಮ್ಮ ಮಕ್ಕಳು ಓಜೋನ್ ಪದರದ ವಿಚಾರವನ್ನು ತಡವರಿಸದೆ ಒಪ್ಪಿಸುತ್ತಾರೆ. ಸಂತೋಷವೇ. ಆದರೆ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂತಹ, ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರಿನ ಹುಡುಗನನ್ನು ತೂಬೆಂದರೇನು, ಕೋಡಿಯೆಂದರೇನು, ನೀರುಗಂಟಿಯ ಕೆಲಸವೇನು ಎಂದು ಕೇಳಬೇಕು. ಅವನ ಉತ್ತರವನ್ನು ನೋಡಿ ನಮ್ಮ ಪರಿಸರ ಶಿಕ್ಷಣಕ್ಕೆ ಅಂಕ ಹಾಕಬೇಕೆಂಬುದು ನನ್ನ ಅಭಿಪ್ರಾಯ.

ಈ ಸೀಮೆಯ ಕಥೆಯೆಂದರೆ ನೀರಿನ ಕಥೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ವಿಶ್ವೇಶ್ವರಯ್ಯ ನಾಲೆ ಹರಿಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಹುಟ್ಟಿತು. ರಾಗಿ ಹುರುಳಿಯ ಹೊಲಗಳು ಭತ್ತದ ಗದ್ದೆಗಳಾದುವು, ಕಬ್ಬು ಎದ್ದು ನಿಂತಿತು. ಆ ಉಪಕಾರವನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಆದರೂ ಒಂದು ಮಾತು. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದ ರೈತನಿಗೆ ಕೆರೆ ತನ್ನದಾಗಿತ್ತು. ನಾಲೆಯ ನೀರಾದರೋ ಎಲ್ಲಿಂದಲೋ ಬರುವ, ಯಾರೋ ಬಿಡುವ ವಸ್ತು. ಬಸಿಯಲು ದಾರಿಯಿಲ್ಲದೆ ಅತಿಯಾಗಿ ನೀರು ಕುಡಿದ ಜಮೀನು ಅಲ್ಲಲ್ಲಿ ಚೌಳಾಯಿತು. 2023ರಲ್ಲಿ ಮಳೆ ಕೈಕೊಟ್ಟಾಗ 124.80 ಅಡಿಯ ಕಟ್ಟೆ ತುಂಬಲೇ ಇಲ್ಲ.

ಇಲ್ಲಿಯೇ ಉಪಾಧ್ಯಾಯರ ನಿಜವಾದ ಸಂಕಟವಿದೆ. ನೀರನ್ನು ಮಿತವಾಗಿ ಬಳಸಬೇಕೆಂದು ಅವರು ಹೇಳಿದರೆ, ಮುಂದೆ ಕುಳಿತ ಮಗುವಿನ ಪುಸ್ತಕ, ಬಟ್ಟೆ, ಅಕ್ಕನ ಮದುವೆ ಎಲ್ಲವೂ ವರ್ಷವಿಡೀ ನೀರು ಬೇಡುವ ಕಬ್ಬಿನಿಂದಲೇ ಬಂದಿರುತ್ತವೆ. ಅಪ್ಪನನ್ನು ಅಪರಾಧಿಯೆಂದು ತೋರಿಸುವ ಪಾಠ ಪಾಠವಲ್ಲ. ಹಾಗೆಂದು ಸುಮ್ಮನಿರುವುದೂ ಸಲ್ಲದು. ಲೆಕ್ಕದ ತರಗತಿಯಲ್ಲಿ ಕೇಳಲಿ: ಒಂದು ಎಕರೆಯಲ್ಲಿ ಒಂದು ಅಂಗುಲ ನೀರು ನಿಂತರೆ ಎಷ್ಟು? ಸುಮಾರು 1,02,800 ಲೀಟರು. 15 ಲೀಟರಿನ ಬಿಂದಿಗೆಯಲ್ಲಿ ಹೊತ್ತರೆ 6,800ಕ್ಕೂ ಮಿಕ್ಕಿ. ಮನೆಗೆ ನೀರು ಹೊತ್ತು ಗೊತ್ತಿರುವ ಹುಡುಗಿಗೆ ಈ ಲೆಕ್ಕದ ಭಾರ ಕೂಡಲೇ ತಿಳಿಯುತ್ತದೆ. ಅವಳು ಅದನ್ನು ಮನೆಯಲ್ಲಿ ಹೇಳಿದರೆ ಅಪ್ಪ ಸಿಟ್ಟಾಗಲಾರ. ಬಹುಶಃ ತಾನೂ ಒಮ್ಮೆ ಗುಣಿಸಿ ನೋಡಿಯಾನು.

ಜೂನ್ 5ರಂದು ಗಿಡ ನೆಟ್ಟು ಛಾಯಾಚಿತ್ರ ತೆಗೆಸಿಕೊಳ್ಳುವ ಉತ್ಸವದ ಬಗೆಗೆ ಹೆಚ್ಚು ಹೇಳಲಾರೆ. ಕಳೆದ ವರ್ಷದ ಗುಂಡಿಯೇ ಈ ವರ್ಷಕ್ಕೂ ಒದಗುವುದೊಂದು ಅನುಕೂಲ.

ಪಕ್ಕದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯಲ್ಲಿ ಕಾಮೇಗೌಡರಿದ್ದರು. ಕುರಿ ಕಾಯುತ್ತಿದ್ದವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರಿಲ್ಲವೆಂದು ಹಲವು ಕಟ್ಟೆಗಳನ್ನು ತೋಡಿದರು. 2020ರಲ್ಲಿ ಪ್ರಧಾನಿಯವರು ಆಕಾಶವಾಣಿಯಲ್ಲಿ ಅವರ ಹೆಸರೆತ್ತಿದರು. 2022ರಲ್ಲಿ ಅವರು ತೀರಿಕೊಂಡರು. ಇನ್ನು ಅವರ ಜೀವನಚರಿತ್ರೆಯನ್ನು ಮಕ್ಕಳಿಂದ ಕಂಠಪಾಠ ಮಾಡಿಸುವ ಅಪಾಯವಿದೆ. ಇಳಿಜಾರಿನಲ್ಲಿ ಮಳೆನೀರು ಎತ್ತ ಹರಿಯುತ್ತದೆ, ಎಲ್ಲಿ ತಡೆದರೆ ನಿಲ್ಲುತ್ತದೆ ಎಂಬುದನ್ನು ಅವರು ಕುರಿಗಳ ಹಿಂದೆ ನಡೆದು ಅರಿತರು. ಮಕ್ಕಳನ್ನೂ ಅಂತಹ ಇಳಿಜಾರಿನಲ್ಲಿ ಒಂದು ಮಳೆಗಾಲ ನಡೆಸಬೇಕು.

ಇದಕ್ಕೆ ಅಂಕ ಕೊಡುವುದು ಹೇಗೆಂದು ಪರೀಕ್ಷಾ ಪಂಡಿತರು ಕೇಳುವರು. ಕೊಡದಿದ್ದರೆ ಏನು ಮುಳುಗೀತು? ಬೇಕಾದುದು ಒಂದು ಮಳೆಮಾಪಕ, ಒಂದು ನೋಟುಪುಸ್ತಕ, ವಾರಕ್ಕೊಂದು ಗಂಟೆ. ಮಳೆ ಎಷ್ಟು ಬಿತ್ತು, ಕೆರೆಯ ನೀರು ಎಷ್ಟೇರಿತು, ನಾಲೆ ಎಂದು ಬಂದು ಎಂದು ನಿಂತಿತು ಎಂಬುದನ್ನು ಏಳನೆಯ ತರಗತಿಯವರು ಬರೆದು ಮುಂದಿನ ವರ್ಷದವರಿಗೆ ಒಪ್ಪಿಸಲಿ. ಹತ್ತು ವರ್ಷ ಹೀಗೆ ಸಾಗಿದರೆ, ಯಾವ ಬೆಳೆಯಿಡುವುದೆಂದು ಊರಿನವರು ಚರ್ಚಿಸುವಾಗ ತೆಗೆದು ನೋಡಲು ಶಾಲೆಯಲ್ಲಿ ಒಂದು ಪುಸ್ತಕವಿರುತ್ತದೆ.