ಜೀವಕೋಶದ ಮಡಿಕೆಯೂ ಭೌತಶಾಸ್ತ್ರವೂ

ಪದವಿಪೂರ್ವ ತರಗತಿಗೆ ಕಾಲಿಡುವ ನಮ್ಮ ಶಿವಮೊಗ್ಗ, ಭದ್ರಾವತಿಗಳ ವಿದ್ಯಾರ್ಥಿಗಳಲ್ಲಿ ಅನೇಕರು ಗಣಿತದ ಕಡೆಗೆ ಒಲಿದೊಡನೆ ಜೀವಶಾಸ್ತ್ರಕ್ಕೆ ಕೈಮುಗಿದುಬಿಡುತ್ತಾರೆ. ಅದು ಹೆಸರುಗಳನ್ನು ಉರುಹೊಡೆಯುವ ಶಾಸ್ತ್ರ, ಲೆಕ್ಕ ಬಲ್ಲವರಿಗೆ ಅಲ್ಲಿ ಕೆಲಸವಿಲ್ಲ ಎಂಬ ಭಾವನೆ ಬಲವಾಗಿ ಬೇರೂರಿದೆ. ಭೌತಶಾಸ್ತ್ರವನ್ನು ಬೋಧಿಸುವ ನಾನು ಇದನ್ನು ಒಪ್ಪಲಾರೆ. ಆಕರಕೋಶಗಳ ವಿಷಯವೊಂದನ್ನೇ ನೋಡೋಣ.

ಭ್ರೂಣದ ಮೊದಲ ದಿನಗಳ ಆಕರಕೋಶವು ನರವಾಗಬಲ್ಲದು, ರಕ್ತವಾಗಬಲ್ಲದು, ಮೂಳೆಯೂ ಆಗಬಲ್ಲದು. ಒಮ್ಮೆ ನರಕೋಶವಾದ ಮೇಲೆ ಅದು ತಾನಾಗಿ ಹಿಂದಿರುಗದು. ಆದರೂ ಎರಡರಲ್ಲಿಯೂ ಇರುವ ಡಿ.ಎನ್.ಎ. ಎಂಬ ಬರಹ ಒಂದೇ. ಹಾಗಾದರೆ ಭೇದವೆಲ್ಲಿಯದು? ಬಹುಮಟ್ಟಿಗೆ ಅದರ ಮಡಿಕೆಯಲ್ಲಿ.

ಮಾನವನ ಒಂದು ಜೀವಕೋಶದ ಡಿ.ಎನ್.ಎ. ಎಳೆಗಳನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಅದನ್ನು ಹಿಡಿದಿಡುವ ಕಣಕೇಂದ್ರದ ಅಗಲವಾದರೋ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಕಣಕೇಂದ್ರವನ್ನು ಸುಲಿದ ತೆಂಗಿನಕಾಯಿಯ ಗಾತ್ರಕ್ಕೆ ಹಿಗ್ಗಿಸಿದರೆ ಈ ಎಳೆ ಕೂದಲಿಗಿಂತ ತೆಳುವಾಗಿಯೇ ಉಳಿದು, ಶಿವಮೊಗ್ಗೆಯಿಂದ ಭದ್ರಾವತಿಯವರೆಗೆ, ಎಂದರೆ ಸುಮಾರು 20 ಕಿಲೋಮೀಟರ್, ಚಾಚುತ್ತದೆ! ಅಷ್ಟನ್ನೂ ಕಾಯಿಯೊಳಗೆ ತುಂಬಬೇಕು. ಬೇಕಾದ ಸಾಲನ್ನು ಬೇಕಾದಾಗ ಓದಲೂ ಬರಬೇಕು.

ಇದಕ್ಕಾಗಿ ಎಂಟು ಹಿಸ್ಟೋನ್ ಪ್ರೋಟೀನುಗಳ ಒಂದೊಂದು ಉಂಡೆಗೆ ಎಳೆ ಎರಡು ಸುತ್ತಿಗೆ ತುಸು ಕಡಮೆಯಾಗಿ ಸುತ್ತಿಕೊಂಡಿದೆ. ಹೀಗೆ ಸುತ್ತಿದ ಸರವೇ ಕ್ರೋಮಾಟಿನ್. ಬಿಗಿಯಾಗಿ ಅಡಕವಾದ ಭಾಗವನ್ನು ಕೋಶ ಓದುವುದು ಕಷ್ಟ, ಸಡಿಲವಾದುದನ್ನು ಓದುವುದು ಸುಲಭ. ಉಂಡೆಗಳನ್ನು ಸರಿಸುವ, ಕಳಚುವ, ಮತ್ತೆ ಕೂಡಿಸುವ ಪ್ರೋಟೀನು ಯಂತ್ರಗಳೂ ಅಲ್ಲಿಯೇ ಉಂಟು. ಅವುಗಳ ಇಂಧನ ಎ.ಟಿ.ಪಿ. ಅದರ ಒಂದು ಅಣು ಒಡೆದಾಗ ಕೋಶದಲ್ಲಿ ದೊರೆಯುವ ಶಕ್ತಿ, ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ಉಷ್ಣಾಂಶದಿಂದ ಗುಣಿಸಿದರೆ ಬರುವ ಮೊತ್ತದ ಸುಮಾರು 20 ರಷ್ಟು. ಸುತ್ತಣ ಅಣುಗಳ ಗದ್ದಲವನ್ನು ಮೀರಿ ಕೆಲಸ ಮಾಡಲು ಇಷ್ಟು ಸಾಕು. ಇದು ಉಷ್ಣಗತಿಶಾಸ್ತ್ರವಲ್ಲದೆ ಮತ್ತೇನು?

ಆಕರಕೋಶವು ಏನನ್ನೂ ಬರೆಯದ ಹಲಗೆಯಂತೆ ಸುಮ್ಮನಿರುತ್ತದೆಂಬ ಮಾತನ್ನು ಅಲ್ಲಲ್ಲಿ ಕೇಳುತ್ತೇವೆ. ಅದು ಸರಿಯಲ್ಲ. ಲೇಸರ್ ಬೆಳಕಿನಿಂದ ಕಣಕೇಂದ್ರದ ಒಂದು ಚುಕ್ಕೆಯ ಹೊಳಪನ್ನು ಅಳಿಸಿ, ಅದು ಎಷ್ಟು ಬೇಗ ಮರಳುತ್ತದೆಂದು ಅಳೆಯುವ ವಿಧಾನವೊಂದುಂಟು. 2006 ರಲ್ಲಿ ಪ್ರಕಟವಾದ ಇಂಥ ಪ್ರಯೋಗಗಳು, ಆಕರಕೋಶದಲ್ಲಿ ಹಿಸ್ಟೋನುಗಳ ಒಂದು ಪಾಲು ಸಡಿಲವಾಗಿದ್ದು ಸದಾ ಬಂದುಹೋಗುತ್ತಿರುವುದನ್ನು ತೋರಿಸಿದುವು. 2009 ರಲ್ಲಿ, ಇಲಿಯ ಆಕರಕೋಶಗಳಲ್ಲಿ ಸಿ.ಎಚ್.ಡಿ.1 ಎಂಬ ಯಂತ್ರವನ್ನು ಕುಂದಿಸಿದಾಗ ಬಿಗಿಯಾದ ಕ್ರೋಮಾಟಿನ್ ಹೆಚ್ಚಿತು. ಕೋಶಗಳು ಸಾಯಲಿಲ್ಲ, ವಿಭಜನೆಯೂ ನಿಲ್ಲಲಿಲ್ಲ. ಆದರೆ ನರಕೋಶದ ಕಡೆಗೇ ವಾಲಿದುವು, ಕೆಲವು ದಾರಿಗಳು ಮುಚ್ಚಿದುವು. ದಾರಿಗಳು ತೆರೆದಿರುವುದಕ್ಕೂ ದುಡಿಮೆ ಬೇಕೆಂದಾಯಿತು.

ಗಂಗಾಮೂಲದ ಬೆಟ್ಟದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುವೆಂದು ಹೇಳುತ್ತಾರೆ. ಅಲ್ಲಿ ಬಿದ್ದ ಮಳೆಹನಿ ತುಸು ಇತ್ತ ಸರಿದರೆ ನಮ್ಮೂರಿಗೆ, ತುಸು ಅತ್ತ ಸರಿದರೆ ಪಡುವಣ ಕಡಲಿಗೆ. ವ್ಯಾಡಿಂಗ್ಟನ್ ಎಂಬ ವಿಜ್ಞಾನಿ 1957 ರಲ್ಲಿ ಕೋಶದ ಬೆಳವಣಿಗೆಗೆ ಇಂಥದೇ ಬೆಟ್ಟಕಣಿವೆಗಳ ಚಿತ್ರವನ್ನು ಕೊಟ್ಟ. (ತುಂಗೆ, ಭದ್ರೆಗಳು ಕೂಡಲಿಯಲ್ಲಿ ಮತ್ತೆ ಸೇರುವುವು, ಆ ಭಾಗ್ಯ ಕೋಶಗಳಿಗಿಲ್ಲ.) ಇಳಿದ ಹನಿಯನ್ನು ಮತ್ತೆ ನೆತ್ತಿಗೇರಿಸಬಹುದೆಂದು ಜಪಾನಿನ ಯಮನಾಕ 2006 ರಲ್ಲಿ ಇಲಿಯ ಕೋಶಗಳಲ್ಲಿ ತೋರಿಸಿದರು, 2012 ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು.

ಇದೆಲ್ಲ ದೂರದೇಶದ ಮಾತೆಂದು ತಿಳಿಯಬಾರದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಬಳಕೆಗೆ ಬಾರದೆಂದು ಬಿಟ್ಟ ಭ್ರೂಣಗಳಿಂದ ಮಾನವ ಆಕರಕೋಶಗಳ ಎರಡು ಸಂತತಿಗಳನ್ನು ಬೆಳೆಸಿ 2009 ರಲ್ಲಿ ವರದಿ ಮಾಡಿದರು. ಇಂಥ ಕೆಲಸ ನಮ್ಮ ನಾಡಿನಲ್ಲಿಯೇ ನಡೆದಿರುವಾಗ, ಗಣಿತ ಬಲ್ಲ ವಿದ್ಯಾರ್ಥಿಯನ್ನು ಹದಿನಾರನೆಯ ವಯಸ್ಸಿಗೇ ಅದರಿಂದ ಬೇರ್ಪಡಿಸುವುದು ನಷ್ಟವೆಂದೇ ನನ್ನ ಅಭಿಪ್ರಾಯ. ಪರೀಕ್ಷೆಗೆ ಬಾರದೆಂಬ ಆಕ್ಷೇಪಣೆಯುಂಟು, ಬಲ್ಲೆ. ಶಕ್ತಿ, ಉಷ್ಣಾಂಶಗಳ ಪಾಠದಲ್ಲಿ ಆವಿಯಂತ್ರದ ಪಕ್ಕದಲ್ಲಿ ಈ ಯಂತ್ರಕ್ಕೂ ಅರ್ಧ ಗಂಟೆ ಕೊಡಲು ಯಾರ ಅಪ್ಪಣೆಯೂ ಬೇಕಿಲ್ಲ. ಉಂಡೆಯಿಂದ ಎಳೆಯನ್ನು ಬಿಡಿಸಲು ಎಷ್ಟು ಬಲ ಬೇಕೆಂಬುದನ್ನು ಇಂದು ಬೆಳಕಿನ ಚಿಮುಟದಿಂದ ಹಿಡಿದೆಳೆದು ಪಿಕೋನ್ಯೂಟನ್‌ಗಳಲ್ಲಿ ಅಳೆಯುತ್ತಾರೆ; ಆ ಅಳತೆಯ ರೇಖಾಚಿತ್ರವನ್ನು ಓದಬಲ್ಲವರು ನಮ್ಮ ತರಗತಿಗಳಲ್ಲಿಯೇ ಕುಳಿತಿದ್ದಾರೆ.