ಮಕ್ಕಳ ಹೊಣೆಗೆ ಯೋಗ್ಯರು ಯಾರು?

ಅಧಿಕಾರವೆಂಬುದು ಯಾರ ಹಿತಕ್ಕಾಗಿ ಎಂಬ ಪ್ರಶ್ನೆ ಬಹಳ ಹಳೆಯದು. ಬಲಶಾಲಿಯ ಲಾಭವೇ ನ್ಯಾಯವೆಂದು ವಾದಿಸಿದವನಿಗೆ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಸಾಕ್ರಟೀಸನಿಂದ ಕೊಡಿಸಿದ ಉತ್ತರದ ಸಾರ ಇಷ್ಟೇ: ವೈದ್ಯನ ವಿದ್ಯೆ ರೋಗಿಯ ಹಿತವನ್ನೂ ಕುರುಬನ ವಿದ್ಯೆ ಕುರಿಯ ಹಿತವನ್ನೂ ನೋಡುವಂತೆ, ಆಳುವವನ ವಿದ್ಯೆ ಆಳಿಸಿಕೊಳ್ಳುವವರ ಹಿತವನ್ನು ನೋಡತಕ್ಕದ್ದು. ಈ ಮಾತಿನ ನಿಜವಾದ ಪರೀಕ್ಷೆ ನಡೆಯುವುದು ಮಕ್ಕಳ ವಿಷಯದಲ್ಲಿ. ಅವರಿಗೆ ಮತವಿಲ್ಲ, ಕಚೇರಿಯ ಬಾಗಿಲಲ್ಲಿ ನಿಂತು ಜಗಳವಾಡುವ ಶಕ್ತಿಯೂ ಇಲ್ಲ.

ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿ ಎಂದೊಡನೆ ಜನರಿಗೆ ನೆನಪಾಗುವುದು ಅಲ್ಲಿನ ಶಿಲ್ಪವನ ಮತ್ತು ಜಾನಪದ ವಿಶ್ವವಿದ್ಯಾಲಯ. ಆದರೆ ಇಂಥ ಊರಿನ ಮಗುವಿಗೆ ಸರ್ಕಾರದ ಮೊದಲ ಪರಿಚಯವಾಗುವುದು ಅಂಗನವಾಡಿಯಲ್ಲಿ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಕಾಲಿಟ್ಟದ್ದು ತಿ. ನರಸೀಪುರದಲ್ಲಿ. ಇಂದು ಅಂಗನವಾಡಿ ಕಾರ್ಯಕರ್ತೆಯ ಮೇಲೆ ಮೇಲ್ವಿಚಾರಕಿ, ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜಿಲ್ಲೆಯಲ್ಲಿ ಉಪನಿರ್ದೇಶಕರು ಇದ್ದಾರೆ. ಮಗು ಅನಾಥವಾದರೆ, ಹಿಂಸೆಗೆ ಒಳಗಾದರೆ, ಬಾಲ್ಯವಿವಾಹದ ಅಂಚಿಗೆ ಬಂದರೆ ಅದರ ಭವಿಷ್ಯವನ್ನು ನಿರ್ಧರಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಆ ಸಮಿತಿಯ ಅಧ್ಯಕ್ಷರನ್ನು ಆರಿಸುವ ಬಗೆಯೇ ಇಂದಿನ ನಮ್ಮ ವಿಚಾರ.

2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು. ಒಬ್ಬರಾದರೂ ಮಹಿಳೆ, ಇನ್ನೊಬ್ಬರು ಮಕ್ಕಳ ವಿಷಯದಲ್ಲಿ ಪರಿಣತರು ಇರಬೇಕು. ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗು ಯಾರ ಸೂರಿನ ಕೆಳಗೆ ಮಲಗಬೇಕು, ದತ್ತು ಹೋಗಬಹುದೇ ಎಂಬುದನ್ನು ಹೇಳುವವರು ಅವರೇ. ತಿಂಗಳಿಗೆ ಕನಿಷ್ಠ 20 ದಿನ ಅವರು ಕಲೆಯಬೇಕು. ಅಂತಿಮ ತೀರ್ಮಾನಕ್ಕೆ ಮೂವರಾದರೂ ಹಾಜರಿರಬೇಕು. ಎರಡು ಸ್ಥಾನ ಖಾಲಿ ಉಳಿದು ಒಬ್ಬರು ಕಾಯಿಲೆ ಬಿದ್ದರೆ ತೀರ್ಮಾನವೇ ಇಲ್ಲ. ಕಡತ ಕಾಯಬಲ್ಲದು, ಬಾಲ್ಯ ಕಾಯಲಾರದು. ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಫೆಬ್ರುವರಿಯಲ್ಲಿ ಇಂಥ ಖಾಲಿ ಸ್ಥಾನಗಳನ್ನು ತುಂಬುವಂತೆ ರಾಜ್ಯಗಳಿಗೆ ಹೇಳಬೇಕಾಯಿತು.

ಸದಸ್ಯತ್ವದ ಅವಧಿ ಮೂರು ವರ್ಷ ಮೀರದು. ಅಂದರೆ ಸ್ಥಾನ ಯಾವಾಗ ತೆರವಾಗುತ್ತದೆ ಎಂಬುದು ನೇಮಕದ ದಿನವೇ ಗೊತ್ತಿರುತ್ತದೆ. ಹಾಗಿದ್ದೂ ಆಯ್ಕೆ ತಡವಾದರೆ ಅದನ್ನು ಆಕಸ್ಮಿಕವೆನ್ನಲಾಗದು. ತಾಲ್ಲೂಕು, ಜಿಲ್ಲೆಯ ಅಧಿಕಾರಿಗಳ ಹುದ್ದೆಗಳಿಗೂ ಇದೇ ಮಾತು ಸಲ್ಲುತ್ತದೆ. ‘ಪ್ರಭಾರ’ ಎಂಬುದು ಮಳೆಗಾಲದ ಕೊಡೆಯಂತೆ ತಾತ್ಕಾಲಿಕವಾಗಿರಬೇಕೇ ಹೊರತು ಮನೆಯ ಮಾಡೇ ಆಗಬಾರದು.

ಎರಡನೆಯದು ಯೋಗ್ಯತೆ. ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣದಲ್ಲಿ ಏಳು ವರ್ಷ ದುಡಿದವರು ಅಥವಾ ಸಂಬಂಧಿತ ಪದವಿ ಪಡೆದು ವೃತ್ತಿಯಲ್ಲಿರುವವರು ಬೇಕೆನ್ನುತ್ತದೆ ಕಾನೂನು. ಪ್ರಮಾಣಪತ್ರ ಇದನ್ನು ತೋರಿಸೀತು; ವಿವೇಕವನ್ನು ತೋರಿಸದು. ಸಂತ ತೋಮಾಸ್ ಅಕ್ವಿನಾಸರ ದೃಷ್ಟಿಯಲ್ಲಿ ವಿವೇಕವೆಂದರೆ ಸಾಮಾನ್ಯ ನಿಯಮವನ್ನು ಎದುರಿಗಿರುವ ವಿಶಿಷ್ಟ ಸಂದರ್ಭಕ್ಕೆ ಸರಿಯಾಗಿ ಅನ್ವಯಿಸುವ ಗುಣ. ಆದ್ದರಿಂದ ಸಂದರ್ಶನದಲ್ಲಿ ಕಾಯ್ದೆಯ ಕಲಮುಗಳನ್ನು ಕೇಳಿದರೆ ಸಾಲದು. ಮದುವೆ ತಡೆದು ಕರೆತಂದ ಹದಿನಾಲ್ಕರ ಹುಡುಗಿ ಮನೆಗೆ ಹೋಗುತ್ತೇನೆಂದು ಅಳುತ್ತಾಳೆ, ತಂದೆ ಮುಚ್ಚಳಿಕೆ ಬರೆದುಕೊಡುತ್ತಾನೆ: ಈಗ ಏನು ಮಾಡುವಿರಿ? ತಿಂಗಳ ನಂತರ ಆ ಮನೆಗೆ ಯಾರನ್ನು ಕಳುಹಿಸುವಿರಿ? ಇದಕ್ಕೆ ಬರುವ ಉತ್ತರದಲ್ಲಿ ಮನುಷ್ಯನ ತೂಕ ತಿಳಿಯುತ್ತದೆ.

ಮೂರನೆಯದು ನಮ್ಮವರಿಗೆ ಕಹಿಯೆನಿಸಬಹುದು. 2021ರಲ್ಲಿ ತಿದ್ದುಪಡಿಯಾದ ಕಾಯ್ದೆಯಂತೆ, ಮಕ್ಕಳ ಪಾಲನಾ ಸಂಸ್ಥೆಯ ಆಡಳಿತದಲ್ಲಿರುವವರು ಸಮಿತಿಯ ಸದಸ್ಯರಾಗಲಾರರು. ಅನಾಥಾಲಯಗಳಲ್ಲಿ ಆಯುಷ್ಯವನ್ನೇ ಸವೆಸಿದ ಗುರುಗಳನ್ನು, ಧರ್ಮಭಗಿನಿಯರನ್ನು ಹೊರಗಿಟ್ಟರೆ ಅನುಭವವೇ ನಷ್ಟವಲ್ಲವೇ ಎಂದು ಕೇಳುವವರುಂಟು. ನಷ್ಟವಿದೆ, ನಿಜ. ಆದರೆ ಮಗುವನ್ನು ಸಂಸ್ಥೆಗೆ ಕಳುಹಿಸುವ ಕೈ ಮತ್ತು ಸಂಸ್ಥೆಯನ್ನು ನಡೆಸುವ ಕೈ ಒಂದೇ ಆದರೆ, ಆ ಸಂಸ್ಥೆಯಲ್ಲಿ ನೊಂದ ಮಗು ದೂರು ಹೇಳುವುದು ಯಾರ ಮುಂದೆ? ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದೆಂಬ ತತ್ವಕ್ಕೆ ಸೇವೆಯೂ ವಿನಾಯಿತಿ ಕೊಡಲಾರದು. ಸದುದ್ದೇಶ ಎಷ್ಟೇ ದೊಡ್ಡದಿರಲಿ, ಅದು ಮೇಲ್ವಿಚಾರಣೆಗೆ ಬದಲಿಯಲ್ಲ. ಈ ನಿಯಮವನ್ನು ನಾವು ಗೊಣಗದೆ ಸ್ವಾಗತಿಸಬೇಕು.

ಇಷ್ಟು ದುಡಿಮೆಗೆ ಒಳ್ಳೆಯವರು ಮುಂದೆ ಬರುವುದಿಲ್ಲ ಎಂಬ ಆಕ್ಷೇಪವೂ ಇದೆ. ಹಾಗಾದರೆ ಪ್ರಕಟಣೆಯಲ್ಲೇ ಸ್ಪಷ್ಟವಾಗಿ ಹೇಳಲಿ: ಇದು ಹಾರ ತುರಾಯಿಯ ಸ್ಥಾನವಲ್ಲ, ತಿಂಗಳಿಗೆ ಇಪ್ಪತ್ತು ದಿನದ ಕೆಲಸ, ವರ್ಷದ ಮುಕ್ಕಾಲು ಪಾಲು ಬೈಠಕ್ಕುಗಳಿಗೆ ಬಾರದವರನ್ನು ಕಾನೂನು ತೆಗೆದುಹಾಕುತ್ತದೆ. ಬಿರುದಿಗಾಗಿ ಬರುವವರು ಆಗ ತಾವಾಗಿಯೇ ಹಿಂದೆ ಸರಿದಾರು.

ಪ್ರಿಯ ಓದುಗರೇ, ಸಮುದಾಯದ ಪಾತ್ರವೂ ಇಲ್ಲಿದೆ. ಜಾತಿ, ಪಕ್ಷ, ಮತದ ಹೆಸರಿನಲ್ಲಿ ಶಿಫಾರಸು ಪತ್ರ ಹಿಡಿದು ಓಡಾಡುವುದನ್ನು ನಿಲ್ಲಿಸೋಣ. ನಮ್ಮ ನಡುವಿನ ಅರ್ಹ ವಕೀಲರು, ಆಪ್ತ ಸಲಹೆಗಾರರು, ಆರೋಗ್ಯ ಕಾರ್ಯಕರ್ತೆಯರು ಅರ್ಜಿ ಹಾಕುವಂತೆ ಹುರಿದುಂಬಿಸೋಣ. ಆಯ್ಕೆಯಾದವರು ಅಧಿಕಾರ ವಹಿಸುವ ಮುನ್ನ ಯಾವುದಾದರೂ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿ ಒಂದು ದಿನ ಸುಮ್ಮನೆ ಕುಳಿತು ಕೇಳಲಿ. ಮಕ್ಕಳನ್ನು ಕೇಳುವ ಸಹನೆಯಿಲ್ಲದವರಿಗೆ ಮಕ್ಕಳ ಪರವಾಗಿ ತೀರ್ಪು ಹೇಳುವ ಅಧಿಕಾರವನ್ನು ಕೊಡುವುದು ನ್ಯಾಯವಲ್ಲ.