ಫೋನ್ ಉಂಟು, ಫೈಲ್ ಎಲ್ಲುಂಟು?



ಫೋನ್ ಬಳಸಲು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ರೀಲ್ಸ್ ಮಾಡುವುದು, ಅಮ್ಮನಿಗೆ ಗ್ಯಾಸ್ ಬುಕ್ ಮಾಡಿಕೊಡುವುದು, ಅಜ್ಜನ ಕರೆಂಟ್ ಬಿಲ್ ಕಟ್ಟುವುದು ಎಲ್ಲ ನಿಮಗೆ ಗೊತ್ತುಂಟು. ಹಾಗಾಗಿ ಕಂಪ್ಯೂಟರ್ ಕೂಡ ಬರುತ್ತದೆ ಅಂತ ನೀವು ನಂಬಿದ್ದೀರಿ. ನಾನೂ ನಂಬಿದ್ದೆ. ಈಗ ಆ ನಂಬಿಕೆ ಇಲ್ಲ.

ಕಳೆದ ಎರಡು ವರ್ಷಗಳಿಂದ ಕೆಲವು ಶನಿವಾರ ಕಾಸರಗೋಡಿನ ಒಂದು ಕಾಲೇಜಿಗೆ ಹೋಗುತ್ತಿದ್ದೇನೆ. ಮೊದಲ ವರ್ಷದ ಡಿಗ್ರಿ ಮಕ್ಕಳಿಗೆ ಕಂಪ್ಯೂಟರ್ ಬಳಕೆಯ ತರಬೇತಿ ಕೊಡುವ ಕೆಲಸ. ಮೊದಲ ದಿನ, ಅರ್ಧ ಪುಟ ಟೈಪ್ ಮಾಡಿ ಇಮೇಲ್ ಮಾಡಿ ಎಂದೆ. ಒಬ್ಬ ಇಡೀ ಪತ್ರವನ್ನು ವಿಷಯದ ಜಾಗದಲ್ಲೇ ಬರೆದ. ಇನ್ನೊಬ್ಬಳು ಸ್ಕ್ರೀನಿನ ಫೋಟೊ ತೆಗೆದು ಕಳಿಸಿದಳು. ಮತ್ತೊಬ್ಬ ಬೆವರುತ್ತಾ, "ಟೀಚರ್, ಸೇವ್ ಮಾಡಿದ್ದೆ. ಎಲ್ಲಿ ಹೋಯ್ತು ಅಂತ ಗೊತ್ತಿಲ್ಲ" ಎಂದ. ಇವರು ದಡ್ಡರಲ್ಲ, ಪ್ಲಸ್ ಟುವಿನಲ್ಲಿ ಒಳ್ಳೆಯ ಅಂಕ ತೆಗೆದವರು.

ನನ್ನನ್ನು ಹೆಚ್ಚು ಕಾಡಿದ್ದು ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಒಬ್ಬ ಹುಡುಗಿ. ಅವಳು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ ಕಳಿಸಿದ ಕನ್ನಡ ಅಸೈನ್‌ಮೆಂಟ್, ಕಾಲೇಜಿನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತಂತೆ. ಅದನ್ನು ತಿರುಗಿ ಕಳಿಸಿದರು. ಸರಿಪಡಿಸುವಷ್ಟರಲ್ಲಿ ಕೊನೆಯ ದಿನಾಂಕ ದಾಟಿ ಅಂಕ ಹೋಯಿತು. "ಯಾರ ಹತ್ರವಾದರೂ ಕೇಳ್ಬಹುದಿತ್ತಲ್ವಾ?" ಎಂದೆ. "ಕ್ಲಾಸೆಲ್ಲ ಮಲಯಾಳದಲ್ಲಿ ಟೀಚರ್, ಕೇಳ್ಲಿಕ್ಕೆ ನಾಚಿಕೆ ಆಯ್ತು" ಎಂದಳು.

ಆದದ್ದೇನು ಅಂತ ನೋಡಿ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರದ ಸಂಖ್ಯೆಗೇ ಕನ್ನಡದ ಚಿತ್ರ ಅಂಟಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಚಿತ್ರ ಮಾಯ, ಇಂಗ್ಲಿಷ್ ಅಕ್ಷರವೇ ಉಳಿಯುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ. ಕನ್ನಡದ 'ಕ'ಕ್ಕೆ 3221, ಮಲಯಾಳದ 'ಕ'ಕ್ಕೆ 3349, ಹೀಗೆ ಪ್ರತಿ ಲಿಪಿಗೂ ಅದರದೇ ಸಂಖ್ಯೆ. ಇಷ್ಟು ಗೊತ್ತಿದ್ದಿದ್ದರೆ ಅವಳು "ಯೂನಿಕೋಡ್‌ನಲ್ಲಿ ಮಾಡಿಕೊಡಿ" ಅಂತ ಅಂಗಡಿಯಲ್ಲೇ ಹೇಳುತ್ತಿದ್ದಳು. ಇಲ್ಲ, ತಾನೇ ಟೈಪ್ ಮಾಡುತ್ತಿದ್ದಳು.

ತರಬೇತಿ ಕೊಡುವವರ ಕೆಲಸ ಯಾವ ಬಟನ್ ಒತ್ತಬೇಕು ಅಂತ ತೋರಿಸುವುದಷ್ಟೇ ಅಲ್ಲ. ಬಟನ್ ವರ್ಷ ವರ್ಷ ಜಾಗ ಬದಲಾಯಿಸುತ್ತದೆ. ಹಿಂದೆ ಏನು ನಡೆಯುತ್ತಿದೆ ಅಂತ ತಿಳಿಸಿದರೆ ಮಾತ್ರ ಕಲಿತದ್ದು ಉಳಿಯುತ್ತದೆ. ನಮ್ಮ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳಿ. ದಾರದ ಉದ್ದ 25 ಸೆಂ.ಮೀ. ಇದ್ದರೆ 20 ಆಂದೋಲನಕ್ಕೆ ಸುಮಾರು 20 ಸೆಕೆಂಡ್, 100 ಸೆಂ.ಮೀ. ಇದ್ದರೆ ಸುಮಾರು 40. ಉದ್ದ ನಾಲ್ಕು ಪಟ್ಟಾದರೆ ಕಾಲ ಎರಡೇ ಪಟ್ಟು. ಐದಾರು ಅಳತೆಗಳನ್ನು ಸ್ಪ್ರೆಡ್‌ಶೀಟಿಗೆ ಹಾಕಿ, ಆವರ್ತಕಾಲದ ವರ್ಗಕ್ಕೂ ಉದ್ದಕ್ಕೂ ನಕ್ಷೆ ಎಳೆಯಿರಿ. ಸರಳರೇಖೆ ಬರುತ್ತದೆ. ಒಂದು ಬಿಂದು ರೇಖೆಯಿಂದ ದೂರ ನಿಂತರೆ, ಎಣಿಕೆ ತಪ್ಪಿತೋ ದಾರ ಸಡಿಲವಾಯಿತೋ ಅಂತ ನೀವೇ ಹುಡುಕುತ್ತೀರಿ. ಕಂಪ್ಯೂಟರ್ ಕೌಶಲ ಅಂದರೆ ನನ್ನ ಲೆಕ್ಕದಲ್ಲಿ ಇದು.

ಇದಕ್ಕೆ ಕಾಲೇಜಿನ ತನಕ ಕಾಯಬೇಕೇ? ಬೇಡ ಅಂತ ನನ್ನ ಅಭಿಪ್ರಾಯ. ಕೇರಳದ ಶಾಲೆಗಳಲ್ಲಿ 2001ರಿಂದ ಐಟಿ@ಸ್ಕೂಲ್ ಯೋಜನೆ ಇತ್ತು, ಈಗ ಅದು ಕೈಟ್ ಆಗಿದೆ. 2018ರಿಂದ ಲಿಟಲ್ ಕೈಟ್ಸ್ ಕ್ಲಬ್ಬುಗಳೂ ಉಂಟು. ಆದರೆ ಲ್ಯಾಬಿನಲ್ಲಿ ಎಂತ ಆಗುತ್ತದೆ? ಒಬ್ಬ ಮೌಸ್ ಹಿಡಿಯುತ್ತಾನೆ, ನಾಲ್ವರು ನೋಡುತ್ತಾರೆ. ಪ್ರಾಯೋಗಿಕ ಪರೀಕ್ಷೆಗೆ ಬೇಕಾದಷ್ಟು ಮಾಡಿಸಿ ನಾವು ಟೀಚರುಗಳೂ ನಿಲ್ಲಿಸುತ್ತೇವೆ. ತಪ್ಪು ನಮ್ಮದೂ ಉಂಟು.

ಗಡಿಯಲ್ಲಿರುವ ನಿಮಗೆ ಒಂದು ಲಾಭವೂ ಉಂಟು. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ 'ಕ' ಇರುವ ಕೀಲಿಯಲ್ಲೇ ಮಲಯಾಳ, ತಮಿಳು, ತೆಲುಗು, ಮರಾಠಿಯ 'ಕ' ಕೂಡ ಇದೆ. ಶಾಲೆಯಲ್ಲಿ ಮಲಯಾಳ ಟೈಪಿಂಗ್ ಕಲಿತ ಬೆರಳಿಗೆ ಕನ್ನಡ ಹೊಸದಲ್ಲ. ಅಕ್ಕಲಕೋಟೆಯಲ್ಲಿ ಮರಾಠಿ, ತಾಳವಾಡಿಯಲ್ಲಿ ತಮಿಳು ಕಲಿತವರಿಗೂ ಹಾಗೆಯೇ.

ಕೊನೆಯ ಮಾತು. ಆ ಹುಡುಗಿಗೆ ಅವಳ ಭಾಷೆಯಲ್ಲಿ ಹೇಳಿಕೊಡುವವರು ಮೊದಲೇ ಇದ್ದಿದ್ದರೆ ಅಂಕ ಉಳಿಯುತ್ತಿತ್ತು. ಈ ಕೆಲಸಕ್ಕೆ ಬೇರೆ ಕಡೆಯಿಂದ ಯಾರೋ ಬರುತ್ತಾರೆ ಅಂತ ಕಾಯಬೇಡಿ. ನೀವೇ ಬನ್ನಿ. ನಾನು ಕಂಪ್ಯೂಟರ್ ಸೈನ್ಸ್ ಓದಿದವಳಲ್ಲ, ಬಿ.ಎಸ್ಸಿ., ಬಿ.ಎಡ್. ಅಷ್ಟೇ. ಬೇಕಾದದ್ದು ಅಭ್ಯಾಸ, ಎರಡು ಭಾಷೆ, ಮತ್ತೆ "ಇಷ್ಟೂ ಗೊತ್ತಿಲ್ವಾ?" ಅಂತ ಯಾರಿಗೂ ಹೇಳದ ತಾಳ್ಮೆ.

ಈ ವಾರ ಒಂದು ಕೆಲಸ ಮಾಡಿ. ಲ್ಯಾಬಿನಲ್ಲಿ ಅರ್ಧ ಪುಟ ಕನ್ನಡ ಟೈಪ್ ಮಾಡಿ, ಹೆಸರು ಕೊಟ್ಟು, ನಿಮ್ಮದೇ ಫೋಲ್ಡರಿನಲ್ಲಿ ಇಡಿ. ಮರುದಿನ ಯಾರನ್ನೂ ಕೇಳದೆ ಹುಡುಕಿ ತೆಗೆಯಿರಿ. ಸಿಕ್ಕಿತಾ? ಹಾಗಾದರೆ ಪಕ್ಕದಲ್ಲಿ ಕೂತು ಬರೀ ನೋಡುತ್ತಿರುವವರ ಕೈಗೆ ಮೌಸ್ ಕೊಡಿ.